ಉಣ್ಣೆ ಕೀಳುವ ಮೊದಲು ಗೋಡೆ ನೋಡಿ

ಹೋದ ವಾರ ಮೈಸೂರಿನಿಂದ ತಂಗಿ ಮಗಳು ಫೋನ್ ಮಾಡಿದ್ದಳು. "ದೊಡ್ಡಮ್ಮ, ನಾಯಿ ಮೈಯಲ್ಲಿ ದಿನಾ ಇಪ್ಪತ್ತು ಉಣ್ಣೆ ಕೀಳ್ತೀನಿ. ಬೆಳಿಗ್ಗೆ ಎದ್ದರೆ ಮತ್ತೆ ಅಷ್ಟೇ ಇರ್ತವೆ. ನೀವು ಹಸುಗಳಿಗೆ ಏನು ಹಾಕ್ತಿದ್ರಿ?" ಅಂದಳು. "ಅದು ಮಲಗೋ ಜಾಗದ ಗೋಡೆ ನೋಡಿದ್ಯಾ?" ಅಂತ ಕೇಳಿದೆ. ಸುಮ್ಮನಾದಳು. ಸಂಜೆ ಒಂದು ಫೋಟೊ ಕಳಿಸಿದಳು. ಮೆಟ್ಟಿಲ ಕೆಳಗೆ ಸಿಮೆಂಟ್ ಬಿಟ್ಟುಕೊಂಡ ಜಾಗದಲ್ಲಿ, ರಾಗಿ ಚೆಲ್ಲಿದ ಹಾಗೆ ಉಣ್ಣೆ ಮರಿಗಳು!

ನಾವು ಮಂಡ್ಯದ ಕಡೆ ಕೊಟ್ಟಿಗೆ ಇಟ್ಟುಕೊಂಡವರು ಇದನ್ನು ಏಟು ತಿಂದೇ ಕಲಿತದ್ದು. ಹೆಣ್ಣು ಉಣ್ಣೆ ಹೊಟ್ಟೆ ತುಂಬ ರಕ್ತ ಕುಡಿದು ಕೆಳಗೆ ಉದುರುತ್ತದೆ. ಗೋಡೆ ಬಿರುಕೋ, ಗೊಂತಿನ ಸಂದೋ ಹುಡುಕಿಕೊಂಡು ಹೋಗಿ ಎರಡು ಮೂರು ಸಾವಿರ ಮೊಟ್ಟೆ ಇಟ್ಟು ಸಾಯುತ್ತದೆ. ಕೆಲವು ವಾರಕ್ಕೆ ಮರಿ ಹೊರಗೆ ಬಂದು ಹಸು ಹತ್ತಿರ ಬರಲಿ ಅಂತ ಕಾಯುತ್ತವೆ. ನಾಯಿ ಉಣ್ಣೆ ಇನ್ನೂ ಕಿಲಾಡಿ. ಮರಿಯಾಗಿದ್ದಾಗ ಒಂದು ಸಲ, ಸ್ವಲ್ಪ ಬಲಿತ ಮೇಲೆ ಒಂದು ಸಲ, ಪೂರಾ ಬೆಳೆದ ಮೇಲೆ ಒಂದು ಸಲ ನಾಯಿ ಮೈಯಿಂದ ಇಳಿದು ಗೋಡೆ ಸೇರುತ್ತದೆ. ನಿಮ್ಮ ಕೈಗೆ ಸಿಗುವುದು ಇರುವುದರಲ್ಲಿ ಒಂದು ಪಾಲು ಅಷ್ಟೆ.

ಹಾಗಾಗಿ ಮೊದಲ ಕೆಲಸ ಕೊಟ್ಟಿಗೆಯದು. ಸಗಣಿ, ಹಳೆ ಹುಲ್ಲು ಎಲ್ಲ ಬಳಿದು ತಿಪ್ಪೆಗೆ ಹಾಕಿ. ಗೊಂತು, ಕಂಬದ ಬುಡ, ಗೋಡೆಯ ಬಿರುಕಿಗೆ ಕುದಿಯುವ ನೀರು ಸುರಿಯಿರಿ. ಒಣಗಿದ ಮೇಲೆ ಬಿರುಕು ಮುಚ್ಚಿ ಸುಣ್ಣ ಬಳಿಯಿರಿ. ಕೆಲವರು ಬೆಂಕಿ ಹಿಡಿದು ಗೋಡೆ ಸುಡುತ್ತಾರೆ. ಕೆಲಸ ಆಗುತ್ತದೆ, ಆದರೆ ಮಗ್ಗುಲಲ್ಲೇ ಹುಲ್ಲಿನ ಮೆದೆ ಇರುವ ನಮ್ಮಂಥವರಿಗೆ ಅದು ಬೇಡ. ನಾಲ್ಕು ನಾಟಿ ಕೋಳಿ ಕೊಟ್ಟಿಗೆಯಲ್ಲಿ ಓಡಾಡಿಕೊಂಡಿದ್ದರೆ ಉದುರಿದ ಉಣ್ಣೆಯನ್ನು ಹೆಕ್ಕಿ ತಿನ್ನುತ್ತವೆ. ಕಾಸಿಲ್ಲದ ಕೂಲಿ ಆಳು ಅಂದರೆ ಅವೇ.

ಇನ್ನು ಹಸುವಿನ ಮೈಗೆ. ಬೇವಿನ ಎಲೆ, ಬೇವಿನ ಹಣ್ಣು, ತುಳಸಿ, ಲಂಟಾನ ಎಲೆ ಒಂದೊಂದು ಹಿಡಿ. ಬೆಳ್ಳುಳ್ಳಿ 10 ಎಸಳು, ಬಜೆ 10 ಗ್ರಾಂ, ಅರಿಶಿನ 20 ಗ್ರಾಂ. ಎಲ್ಲ ನುಣ್ಣಗೆ ರುಬ್ಬಿ ಒಂದು ಲೀಟರ್ ನೀರಿಗೆ ಕಲಸಿ, ಹಳೆ ಪಂಚೆಯಲ್ಲಿ ಸೋಸಿ. ಸೋಸದೆ ಹಾಕಿದರೆ ಸ್ಪ್ರೇ ಬಾಯಿ ಕಟ್ಟಿಕೊಂಡು ಕೂರುತ್ತದೆ. ಬಜೆ ಗಂಧಿಗೆ ಅಂಗಡಿಯಲ್ಲಿ ಸಿಗುತ್ತದೆ, ಮಕ್ಕಳಿಗೆ ತೇಯ್ದು ನೆಕ್ಕಿಸುತ್ತಿದ್ದ ಅದೇ ಬೇರು. ಬೇವಿನ ಹಣ್ಣು ವರ್ಷವೆಲ್ಲ ಸಿಗುವುದಿಲ್ಲ, ಮರದ ಕೆಳಗೆ ಉದುರುವ ಕಾಲದಲ್ಲಿ ಆರಿಸಿ ಒಣಗಿಸಿಟ್ಟುಕೊಳ್ಳಿ. ಲಂಟಾನ ರುಬ್ಬಿದ ಗಸಿಯನ್ನು ದನಕ್ಕೆ ಸಿಗುವ ಕಡೆ ಎಸೆಯಬೇಡಿ, ಹೊಟ್ಟೆಗೆ ಹೋದರೆ ವಿಷ.

ಬಿಸಿಲು ಏರಿದ ಮೇಲೆ ಹಾಕಿ, ತಂಪು ಹೊತ್ತಿನಲ್ಲಿ ಬೇಡ. ಬೆನ್ನಿಗೆ ಹೊಡೆದು ಮುಗಿಯಿತು ಅನ್ನುವವರೇ ಜಾಸ್ತಿ. ಉಣ್ಣೆ ಬೆನ್ನಿನಲ್ಲಿ ಎಲ್ಲಿರುತ್ತದೆ? ಕಿವಿ ಒಳಗೆ, ಗಂಗೆದೊಗಲಿನ ಮಡಿಕೆಯಲ್ಲಿ, ಬಾಲದ ಬುಡದಲ್ಲಿ, ತೊಡೆ ಮತ್ತು ಕೆಚ್ಚಲಿನ ಸಂದಿಯಲ್ಲಿ ಕೈ ಹಾಕಿ ನೋಡಿ. ಅಲ್ಲಿಗೆ ಬಟ್ಟೆಯಲ್ಲಿ ಅದ್ದಿ ಸವರಿ, ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ. ಹಾಲು ಕರೆಯುವ ಮೊದಲು ಕೆಚ್ಚಲು ತೊಳೆಯುವುದನ್ನು ಮರೆಯಬೇಡಿ. ಉಳಿದ ರಸವನ್ನು ಕೊಟ್ಟಿಗೆ ಸಂದಿಗೇ ಸುರಿಯಿರಿ. ವಾರಕ್ಕೊಂದು ಸಲದಂತೆ ಉಣ್ಣೆ ಕಾಣದಾಗುವ ತನಕ ನಡೆಸಬೇಕು. ಒಂದೇ ಸಲ ಹಾಕಿ, ಏನೂ ಆಗಲಿಲ್ಲ ಅಂತ ಬೈಯುವವರಿಗೆ ನನ್ನ ಹತ್ತಿರ ಮದ್ದಿಲ್ಲ.

ಈ ರಸ ನಾಯಿ ಬೆಕ್ಕಿಗೆ ಬೇಡವೇ ಬೇಡ. ಅವು ಮೈ ನೆಕ್ಕುವ ಪ್ರಾಣಿಗಳು, ಬೆಳ್ಳುಳ್ಳಿ ಅವುಗಳ ರಕ್ತ ಕೆಡಿಸುತ್ತದೆ. ಅನ್ನಕ್ಕೆ ಬೆಳ್ಳುಳ್ಳಿ ಹಾಕಿದರೆ ಚಿಗಟ ಹತ್ತುವುದಿಲ್ಲ ಅನ್ನುವ ಮಾತನ್ನೂ ನಂಬಬೇಡಿ. ನಾಯಿಗೆ ಹತ್ತು ಚಮಚ ಕೊಬ್ಬರಿ ಎಣ್ಣೆಗೆ ಒಂದು ಚಮಚ ಬೇವಿನ ಎಣ್ಣೆ ಬೆರೆಸಿ, ಮೊದಲು ಒಂದು ಕಡೆ ಹಚ್ಚಿ ನೋಡಿ. ನಾಯಿಗೆ ಬಾಯಿ ಎಟುಕದ ಕಡೆ, ಕತ್ತಿನ ಮೇಲೆ, ಕಿವಿ ಹಿಂದೆ ಸಾಕು. ಕಚ್ಚಿಕೊಂಡ ಉಣ್ಣೆಯನ್ನು ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆದು, ಸೋಪಿನ ನೀರಿಗೆ ಹಾಕಿ. ಉಗುರಲ್ಲಿ ಚಿವುಟಿ ಹಿಸುಕುವುದು, ಸೀಮೆಎಣ್ಣೆ ಬಿಡುವುದು, ಊದುಬತ್ತಿಯಲ್ಲಿ ಸುಡುವುದು, ಒಂದೂ ಬೇಡ. ಚಿಗಟವೂ ಅಷ್ಟೆ, ನಾಯಿ ಮಲಗುವ ಚಾಪೆ, ಗೋಣಿಯಲ್ಲಿ ಸಂಸಾರ ಮಾಡುತ್ತದೆ. ವಾರಕ್ಕೊಮ್ಮೆ ಬಿಸಿ ನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಬೆಕ್ಕಿಗೆ ಬಾಚಣಿಗೆ ಬಿಟ್ಟು ಬೇರೆ ಯಾವ ಮನೆಮದ್ದೂ ನಾನು ಹೇಳುವುದಿಲ್ಲ. ನಾಯಿಗೆ ತಂದ ಉಣ್ಣೆ ಔಷಧಿಯನ್ನು ಅದಕ್ಕೆ ಹಾಕಬೇಡಿ, ಕೆಲವು ಬೆಕ್ಕಿನ ಜೀವ ತೆಗೆಯುತ್ತವೆ.

ಕೋಳಿ ಹೇನಿಗೆ ಒಲೆ ಬೂದಿ. ನೆರಳಲ್ಲಿ ಗುಂಡಿ ತೋಡಿ, ಆರಿದ ಬೂದಿಯೂ ಒಣ ಮಣ್ಣೂ ಬೆರೆಸಿ ತುಂಬಿ. ಅವೇ ಹೊರಳಾಡುತ್ತವೆ.

ಮನೆಮದ್ದು ಅಂದರೆ ಏನೂ ಅಪಾಯವಿಲ್ಲ ಅಂದುಕೊಂಡು ನಾನೇ ಒಂದು ಕರುವನ್ನು ಸಾಯಿಸುವುದರಲ್ಲಿದ್ದೆ. ಮದುವೆಯಾಗಿ ಬಂದ ಹೊಸತು. ಯಾರೋ ಹೇಳಿದರು ಅಂತ ಹೊಗೆಸೊಪ್ಪು ಕುದಿಸಿ, ಆ ನೀರನ್ನು ಗಟ್ಟಿಯಾಗಿಯೇ ಕರುವಿನ ಮೈಗೆ ತಿಕ್ಕಿದೆ. ಹೇನು ಸತ್ತವು. ಕರು ಮೈ ನೆಕ್ಕಿಕೊಂಡು ಜೊಲ್ಲು ಸುರಿಸುತ್ತಾ ಗಡಗಡ ನಡುಗಿ ಬಿದ್ದಿತು. ನಮ್ಮತ್ತೆ ಬಿಂದಿಗೆಗಟ್ಟಲೆ ನೀರು ಸುರಿದು ಮೈ ತೊಳೆದರು. ರಾತ್ರಿಯೆಲ್ಲ ಅದರ ಪಕ್ಕ ಕೂತಿದ್ದೆ. ಬೆಳಿಗ್ಗೆ ಎದ್ದು ನಿಂತಿತು, ನನ್ನ ಪುಣ್ಯ.

ಹೊಟ್ಟೆ ಹುಳಕ್ಕೆ ಮಾತ್ರ ನಾನು ಮನೆಮದ್ದು ನೆಚ್ಚುವುದಿಲ್ಲ. ನಮ್ಮದು ನಾಲೆ ಬಯಲು. ಗದ್ದೆ ಅಂಚಿನ ನೀರಲ್ಲಿ ಬಸವನಹುಳು ಇರುತ್ತವೆ, ಅವುಗಳಿಂದ ಹೊರಬಿದ್ದ ಹುಳ ಹುಲ್ಲಿಗೆ ಅಂಟಿ, ದನ ಕುರಿಯ ಹೊಟ್ಟೆ ಸೇರಿ ಲಿವರ್ ತಿನ್ನುತ್ತವೆ. ದವಡೆ ಕೆಳಗೆ ನೀರು ತುಂಬಿದ ಚೀಲ ಜೋತುಬಿದ್ದರೆ ಬೇವಿನ ಕಷಾಯ ಹಿಡಿದುಕೊಂಡು ಕೂರಬೇಡಿ. ಬೆಂಕಿಪೊಟ್ಟಣದಷ್ಟು ಸಗಣಿ ಪಶು ಆಸ್ಪತ್ರೆಗೆ ಒಯ್ದರೆ ಯಾವ ಹುಳ ಅಂತ ನೋಡಿ ಔಷಧಿ ಕೊಡುತ್ತಾರೆ. ಹುಟ್ಟಿದ ಕರುವಿಗೆ ತಾಯಿ ಹಾಲಿನಿಂದಲೂ ಜಂತು ಬರುತ್ತದೆ, ಎಮ್ಮೆ ಕರುವಿಗಂತೂ ಜಾಸ್ತಿ. ಹತ್ತು ಹದಿನೈದು ದಿನಕ್ಕೇ ಡಾಕ್ಟರನ್ನು ಕೇಳಿ.

ಉಣ್ಣೆ ಬಿದ್ದ ಹಸುವಿಗೆ ಜ್ವರ ಬಂದು, ಗಂಜಲ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಒಂದು ಗಳಿಗೆಯೂ ಕಾಯಬೇಡಿ. ಉಣ್ಣೆ ರಕ್ತಕ್ಕೆ ಬಿಟ್ಟ ಕಾಯಿಲೆ ಅದು. ನಮ್ಮ ಸೀಮೆ ಹಸುವಿಗೆ ಹೀಗಾದಾಗ ನಾನು ಮೂರು ದಿನ ಜೀರಿಗೆ ಕಷಾಯ ಕುಡಿಸಿದೆ. ನಾಲ್ಕನೇ ದಿನ ಡಾಕ್ಟರು ಬರುವ ಹೊತ್ತಿಗೆ ಮೇಲೇಳಲೇ ಇಲ್ಲ. ಈಗ 1962ಕ್ಕೆ ಫೋನ್ ಮಾಡಿದರೆ ಪಶು ಆಂಬುಲೆನ್ಸ್ ಊರಿಗೇ ಬರುತ್ತದೆ. ಆಗ ಅದಿರಲಿಲ್ಲ. ಇದ್ದಿದ್ದರೂ ಕಷಾಯವೇ ಸಾಕು ಅನ್ನುತ್ತಿದ್ದೆನೋ ಏನೋ.

ತಂಗಿ ಮಗಳು ನಿನ್ನೆ ಮತ್ತೆ ಫೋನ್ ಮಾಡಿದ್ದಳು. ಮೆಟ್ಟಿಲ ಕೆಳಗಿನ ಬಿರುಕನ್ನೆಲ್ಲ ಮುಚ್ಚಿಸಿದ್ದಾಳಂತೆ. ನಾಯಿ ಮೈಯಲ್ಲಿ ನಿನ್ನೆ ಸಿಕ್ಕಿದ್ದು ಮೂರೇ. "ಇನ್ನೂ ಮೊಟ್ಟೆ ಒಡೀತಾ ಇರ್ತವೆ, ಎರಡು ತಿಂಗಳು ನೋಡ್ತಾ ಇರು" ಅಂದೆ. "ಎರಡು ತಿಂಗಳಾ ದೊಡ್ಡಮ್ಮ!" ಅಂತ ಕೂಗಿಕೊಂಡಳು.