ಎಕ್ಸೆಲ್‌ನಲ್ಲೇ ಇಂಗ್ಲಿಷ್ ಪದ ಹುಡುಕಿದ್ದು: ನನ್ನ ಅನುಭವ

ಮಕ್ಕಳಿಗೆ ಇಂಗ್ಲಿಷ್ ಪದದಾಟದ ಹಾಳೆ ಮಾಡುವವರಿಗೆ ಈ ಕಷ್ಟ ಗೊತ್ತೇ ಇದೆ. ಏಳು ಅಕ್ಷರ ಕೊಡುತ್ತೇವೆ. ನಡುವಿನ ಅಕ್ಷರ ಪ್ರತಿ ಪದದಲ್ಲೂ ಬರಬೇಕು. ಆಟ ಕಟ್ಟುವುದು ಸುಲಭ, ಉತ್ತರದ ಪಟ್ಟಿ ಪೂರ್ತಿ ಮಾಡುವುದೇ ಕಷ್ಟ. ಒಂದು ಪದ ಬಿಟ್ಟುಹೋದರೂ ಹುಡುಗರು ಡಿಕ್ಷನರಿ ಹಿಡಿದುಕೊಂಡು ಬಂದು "ಸರ, ನಂದೂ ಕರೆಕ್ಟ್ ಅದರಿ" ಅನ್ನುತ್ತಾರೆ. ಈಗ ನನ್ನ ಹಾಳೆಗಳಲ್ಲಿ ಹಾಗೆ ಬಿಟ್ಟುಹೋದ ಪದ ಯಾರಿಗೂ ಸಿಗುತ್ತಿಲ್ಲ. ಕಲಬುರಗಿಯಲ್ಲಿ ಟ್ಯೂಷನ್ ನಡೆಸುವ ನಾಲ್ಕಾರು ಜನರ ಹಾಳೆ ಜೊತೆ ಹೋಲಿಸಿ ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ಎಕ್ಸೆಲ್‌ನಲ್ಲಿ ಮಾಡುತ್ತೇನೆ ಎಂದಾಗ ಜೊತೆಯ ಮಾಸ್ತರರೊಬ್ಬರು ಒಪ್ಪಲೇ ಇಲ್ಲ. "ಅದು ಲೆಕ್ಕ ಬರಿಲಿಕ್ಕ ಅದರಿ, ಪದ ಹುಡುಕಲಿಕ್ಕ ಅಲ್ಲ. ಫೋನಿನಾಗ ಆ್ಯಪ್ ಅವ ಅಲ್ಲ?" ಅಂದರು.

ಆ್ಯಪ್ ನೋಡಿ ಆಗಿತ್ತು. ತಿಂಗಳಿಗೆ ಮುನ್ನೂರರ ಹತ್ತಿರ ಕಟ್ಟಿದ್ದೆ. ನಮಗೆ ಬೇಕಾದ ಹುಡುಕಾಟ ಮೂರು ಬಗೆಯದು. ಒಂದು, ಈ ಅಕ್ಷರಗಳು ಇರಲೇಬೇಕು, ಜೊತೆಗೆ ಬೇರೆ ಏನಿದ್ದರೂ ಸರಿ. ಎರಡು, ಈ ಅಕ್ಷರಗಳು ಬಿಟ್ಟು ಬೇರೆ ಇರಬಾರದು. ಮೂರು, ಎಲ್ಲವೂ ಬರಬೇಕು, ಒಂದೂ ಹೆಚ್ಚು ಕಡಿಮೆ ಆಗಬಾರದು. ಆ ಆ್ಯಪ್ ಎರಡನೆಯದನ್ನು ಮಾತ್ರ ಮಾಡುತ್ತಿತ್ತು, ಅದೂ ಮೊದಲ ಐವತ್ತು ಪದ ತೋರಿಸಿ ನಿಂತುಬಿಡುತ್ತಿತ್ತು. ಹಣ ಹೋಯಿತು.

ಅದಕ್ಕೂ ಮೊದಲು ಪದಗಳನ್ನು ಚೀಟಿಯಲ್ಲಿ ಬರೆದಿಟ್ಟಿದ್ದೆ. 26 ಡಬ್ಬಿ, ಒಂದೊಂದು ಅಕ್ಷರಕ್ಕೆ ಒಂದು. ಲಿಸನ್ ಎಂಬ ಪದಕ್ಕೆ ಆರು ಅಕ್ಷರ, ಆರು ಡಬ್ಬಿಗೆ ಆರು ಚೀಟಿ. ಹುಡುಕುವಾಗ ಅಪರೂಪದ ಅಕ್ಷರದ ಡಬ್ಬಿ ಮಾತ್ರ ತೆರೆಯಬೇಕು. ಕ್ಯೂ, ಜೆ, ಎಕ್ಸ್, ಝಡ್ ಇದ್ದರೆ ಕ್ಷಣದಲ್ಲಿ ಸಿಗುತ್ತದೆ. ಎ, ಇ, ಆರ್, ಟಿ ಮಾತ್ರ ಇದ್ದರೆ ಸಂಜೆವರೆಗೂ ಕೂರಬೇಕು. ಚೀಟಿ ಕತ್ತರಿಸಲು, ಬರೆಸಲು ಎಂಟುನೂರೋ ಒಂಬೈನೂರೋ ಖರ್ಚಾಗಿರಬೇಕು.

ಕೊನೆಗೆ ಕೆಲಸಕ್ಕೆ ಬಂದದ್ದು ಇದು. ಎನೇಬಲ್ ಎಂಬ ಉಚಿತ ಪದಪಟ್ಟಿ ಇದೆ, ಸುಮಾರು 1.72 ಲಕ್ಷ ಪದ. ಅದನ್ನು ಮೊದಲ ಕಾಲಂನಲ್ಲಿ ಹಾಕಿದೆ. ಎರಡನೇ ಕಾಲಂನಲ್ಲಿ ಅದೇ ಪದದ ಅಕ್ಷರಗಳನ್ನು ಎ ಇಂದ ಝಡ್ ವರೆಗೆ ಕ್ರಮವಾಗಿ ಜೋಡಿಸಿದೆ. ಲಿಸನ್, ಸೈಲೆಂಟ್, ಎನ್‌ಲಿಸ್ಟ್, ಟಿನ್ಸೆಲ್ ನಾಲ್ಕೂ ಆಗ ಒಂದೇ ಆಗುತ್ತವೆ: ಇ-ಐ-ಎಲ್-ಎನ್-ಎಸ್-ಟಿ. ಮೂರನೇ ಬಗೆಯ ಹುಡುಕಾಟ ಅಲ್ಲಿಗೇ ಮುಗಿಯಿತು.

ಮೊದಲ ಬಗೆಗೆ ಈ ಎರಡನೇ ಕಾಲಂಗೆ ಫಿಲ್ಟರ್ ಹಾಕಿ. ಟೆಕ್ಸ್ಟ್ ಫಿಲ್ಟರ್‌ನ ಕಂಟೇನ್ಸ್‌ನಲ್ಲಿ ಬೇಕಾದ ಅಕ್ಷರಗಳ ನಡುವೆ ಸ್ಟಾರ್ ಚಿಹ್ನೆ ಕೊಡಿ. ಅಕ್ಷರಗಳು ಎ-ಬಿ-ಸಿ ಕ್ರಮದಲ್ಲೇ ಇರಬೇಕು, ಇಲ್ಲದಿದ್ದರೆ ಸೊನ್ನೆ ಬರುತ್ತದೆ. ಇ ಎರಡು ಸಲ ಬೇಕಾದರೆ ಇ, ಸ್ಟಾರ್, ಇ. ಅಷ್ಟೇ. ಸುಮ್ನೆ ಐದೂ ಸ್ವರ ಹಾಕಿ ನೋಡಿದೆ, ರಾಶಿ ಪದ ಬಿದ್ದವು. ಎಜುಕೇಷನ್ ಎಲ್ಲರಿಗೂ ಗೊತ್ತು. ಫಸೀಷಿಯಸ್‌ನಲ್ಲಿ ಐದೂ ಸ್ವರ ಕ್ರಮವಾಗಿಯೇ ಬರುತ್ತವೆ. ಸಿಕ್ವೋಯಾ ಎಂಬ ಮರದ ಹೆಸರಿನ ಏಳೇ ಅಕ್ಷರಗಳಲ್ಲಿ ಐದೂ ಇವೆ. ಅವತ್ತು ರಾತ್ರಿ ಎಷ್ಟು ಹೊತ್ತು ಕೂತಿದ್ದೆನೋ.

ಅಕ್ಷರ ಜೋಡಿಸುವ ಫಾರ್ಮುಲಾ 2007ರ ಹಳೇ ಎಕ್ಸೆಲ್‌ನಲ್ಲೂ ಆಗುತ್ತದೆ. ಸಬ್‌ಸ್ಟಿಟ್ಯೂಟ್‌ನಿಂದ ಒಂದು ಅಕ್ಷರ ತೆಗೆದು, ಲೆನ್‌ನಲ್ಲಿ ಪದದ ಉದ್ದ ಎಷ್ಟು ಕಡಿಮೆಯಾಯಿತು ನೋಡಿ, ಅಷ್ಟು ಸಲ ಆ ಅಕ್ಷರವನ್ನು ರೆಪ್ಟ್ ಮಾಡಬೇಕು, ಅಂದರೆ ಮತ್ತೆ ಮತ್ತೆ ಬರೆಸಬೇಕು. ಇಂಥ 26 ತುಂಡು ಒಂದಕ್ಕೊಂದು ಸೇರಿಸಿ. ಪದಗಳೆಲ್ಲ ಸಣ್ಣ ಅಕ್ಷರದಲ್ಲೇ ಇರಲಿ, ಸಬ್‌ಸ್ಟಿಟ್ಯೂಟ್‌ಗೆ ದೊಡ್ಡ ಎ ಬೇರೆ, ಸಣ್ಣ ಎ ಬೇರೆ. ಆದರೆ 2003ರ ಎಕ್ಸೆಲ್ ಇಟ್ಟುಕೊಂಡವರಿಗೆ ಪಟ್ಟಿ ಅರ್ಧವೂ ಹಿಡಿಯುವುದಿಲ್ಲ, ಅದರ ಸಾಲು 65,536ಕ್ಕೆ ಮುಗಿಯುತ್ತದೆ. 2007ರಿಂದ ಹತ್ತು ಲಕ್ಷಕ್ಕೂ ಜಾಸ್ತಿ. ಇದೊಂದಕ್ಕಾಗಿಯೇ ಹದಿನಾಲ್ಕೋ ಹದಿನೈದೋ ಸಾವಿರ ಕೊಟ್ಟು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದೆ. ನಮ್ಮ ಮೇ ತಿಂಗಳ ಬಿಸಿಲು, ಮೇಲೆ ಕರೆಂಟ್ ಇಲ್ಲ. 1.72 ಲಕ್ಷ ಸಾಲಿಗೆ ಫಾರ್ಮುಲಾ ಎಳೆದಾಗ ಅದು ಮತ್ತೆ ಮತ್ತೆ ನಿಂತುಬಿಟ್ಟಿತು. ಇಪ್ಪತ್ತು ಸಾವಿರ ಸಾಲಿನಂತೆ ಎಳೆದು, ತಕ್ಷಣ ಪೇಸ್ಟ್ ಸ್ಪೆಷಲ್‌ನಲ್ಲಿ ವ್ಯಾಲ್ಯೂಸ್ ಮಾಡಿ (ಫಾರ್ಮುಲಾ ಹೋಗಿ ಉತ್ತರ ಮಾತ್ರ ಉಳಿಯುತ್ತದೆ), ಆಮೇಲೆ ಮುಂದಿನ ಭಾಗಕ್ಕೆ ಹೋದೆ. ಆಗ ಗೆದ್ದೆ.

ಇನ್ನು ಏಳು ಅಕ್ಷರದ ಆಟ, ಅಂದರೆ ಎರಡನೇ ಬಗೆಯ ಹುಡುಕಾಟ. ಏಳೂ ಬೇರೆ ಬೇರೆ, ನಡುವಿನದು ಕಡ್ಡಾಯ, ಪದಕ್ಕೆ ಕನಿಷ್ಠ ನಾಲ್ಕು ಅಕ್ಷರ, ಯಾವುದೂ ಎರಡು ಸಲ ಬರಬಾರದು ಅಂದುಕೊಳ್ಳಿ. ಆಗ ಆಗುವ ಅಕ್ಷರ ಗುಂಪುಗಳು ಬರೀ 42. ನಾಲ್ಕರದು 20, ಐದರದು 15, ಆರರದು 6, ಏಳರದು 1. ಆ 42ನ್ನು ಜೋಡಿಸಿದ ಕಾಲಂನಲ್ಲಿ ಹುಡುಕಿದರೆ ಉತ್ತರ ಪೂರ್ತಿ. ಪದ ತಪ್ಪಿಸಿಕೊಳ್ಳುವ ಪ್ರಶ್ನೆಯೇ ಇಲ್ಲ, ಅಲ್ವಾ?

ನಡುವೆ ಊರ ಹೆಸರುಗಳ ಮೇಲೂ ಇದನ್ನು ಬಿಟ್ಟು ನೋಡಿದೆ. ಬೀದರ್‌ನ ಐದು ಇಂಗ್ಲಿಷ್ ಅಕ್ಷರ ತಿರುಗಿಸಿದರೆ ಬ್ರೇಡ್, ರ್‍ಯಾಬಿಡ್. ಯಾದಗಿರಿಯನ್ನು ವೈ-ಎ-ಡಿ-ಜಿ-ಐ-ಆರ್ ಎಂದು ಬರೆದರೆ ಒಳಗೆ ಡೇರಿ, ಡೈರಿ ಎರಡೂ ಇವೆ. ಸೇಡಂನಲ್ಲಿ ಮೇಡ್, ಸೀಮ್, ಸೇಮ್. ಆಳಂದದಲ್ಲಿ ಲ್ಯಾಂಡ್. ಈ ಹಾಳೆ ಕೊಟ್ಟ ದಿನ ಹಿಂದಿನ ಬೆಂಚಿನವರೂ ಪೆನ್ಸಿಲ್ ಕೆಳಗಿಡಲಿಲ್ಲ. ಸೇಡಂನ ಹುಡುಗ ತನ್ನ ಊರಿನ ಪದ ತಾನೇ ಎಣಿಸಿ ಎಲ್ಲರಿಗೂ ಹೇಳಿದ.

ಪಟ್ಟಿಯಲ್ಲಿ ಮಕ್ಕಳು ಕೇಳಿರದ ಪದ ರಾಶಿ ಇರುತ್ತವೆ. ಅವನ್ನು ಸೋಸಲು ಮೂರನೇ ಕಾಲಂ ಇಟ್ಟಿದ್ದೇನೆ. ಅದರಲ್ಲಿ ಏನಿದೆ, ನಡುವಿನ ಅಕ್ಷರ ಹೇಗೆ ಆರಿಸುತ್ತೇನೆ, ಈ ಎರಡು ನನ್ನ ಹತ್ತಿರವೇ ಇರಲಿ. ನನ್ನ ಹಾಳೆ ಮಾರಾಟವಾಗುವುದೇ ಅದರಿಂದ.

ಹಾಳೆಗೆ ಐದು ರೂಪಾಯಿ ತೆಗೆದುಕೊಳ್ಳುತ್ತೇನೆ, ಝೆರಾಕ್ಸ್‌ಗೆ ಒಂದು ಹೋಗುತ್ತದೆ. ಲ್ಯಾಪ್‌ಟಾಪ್ ದುಡ್ಡು ಹೆಚ್ಚುಕಡಿಮೆ ವಾಪಸ್ ಬಂದಿದೆ. ಒಂದು ಶಾಲೆಯವರು ಒಂದು ಟರ್ಮ್ ಪೂರ್ತಿ ಹಾಳೆ ತೆಗೆದುಕೊಂಡು ಇನ್ನೂ ಹಣ ಕೊಟ್ಟಿಲ್ಲ. ಹಾಗಾಗಿ ಈಗ ಆಟದ ಹಾಳೆ ಮೊದಲು ಕಳಿಸುತ್ತೇನೆ, ಉತ್ತರದ ಪಟ್ಟಿ ಹಣ ಬಂದ ಮೇಲೆ.