ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ಟಿಕೆಟ್‌ನ ಗಡಿಯಾರ ನಂಬಿ ಲೆಕ್ಕ ಹಾಕಬೇಡಿ
ಅಪ್ಪ-ಅಮ್ಮನನ್ನು ಮೊದಲ ಸಲ ಕ್ಯಾಲಿಫೋರ್ನಿಯಾಕ್ಕೆ ಕರೆಸಿಕೊಳ್ಳುವವರಿಗೆ ಒಂದು ಸಲಹೆ. ಟಿಕೆಟ್ ಮೇಲೆ ಇರೋದು ಆಯಾ ಊರಿನ ಸಮಯ. ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ 4.30ಕ್ಕೆ ಇಳಿಯೋದು ಅಂತ ನೋಡಿ ನಮ್ಮಮ್ಮ, "ಎರಡೂವರೆ ಗಂಟೆ ತಾನೇ, ಚಿತ್ರಾನ್ನ ಕಟ್ಟಿಕೊಂಡರೆ ಸಾಕು" ಅಂದಿದ್ದರು!

ನೇರ ದಾರಿಯಲ್ಲೇ ಸುಮಾರು 14,000 ಕಿ.ಮೀ. ಎಲ್ಲೂ ಇಳಿಯದೆ ಹೋದರೂ 16 ಗಂಟೆ ಬೇಕು. ಗಾಳಿ ಮತ್ತು ದಾರಿ ನೋಡಿಕೊಂಡು ಜಾಸ್ತಿಯೂ ಆಗಬಹುದು. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್‌ನಿಂದ ನವೆಂಬರ್‌ವರೆಗೆ ಹನ್ನೆರಡೂವರೆ. ಇಳಿಯುವ ಸಮಯಕ್ಕೆ ಇದನ್ನು ಕೂಡಿಸಿ, ಹೊರಟ ಸಮಯ ಕಳೆಯಿರಿ. ಅದೇ ನಿಜವಾದ ಪ್ರಯಾಣ.

ವಾಪಸ್ ಬರುವಾಗ ಉಲ್ಟಾ. ಶುಕ್ರವಾರ ರಾತ್ರಿ 9ಕ್ಕೆ ಹತ್ತಿದವರು ಬೆಂಗಳೂರಲ್ಲಿ ಇಳಿಯೋದು ಭಾನುವಾರ ಬೆಳಗಿನ ಜಾವ. ಶನಿವಾರ ಎಲ್ಲಿ ಹೋಯ್ತು ಅಂತ ಕೇಳಬೇಡಿ. ನನ್ನ ತಮ್ಮ ಶನಿವಾರವೇ ಕಾರು ತಗೊಂಡು ದೇವನಹಳ್ಳಿಗೆ ಹೋಗಿ, ಸುಮ್ನೆ ಕಾಫಿ ಕುಡಿದು ವಾಪಸ್ ಬಂದ.

ಬಿಪಿ, ಶುಗರ್ ಮಾತ್ರೆಯ ಹೊತ್ತನ್ನು ಮಾತ್ರ ಡಾಕ್ಟರ್ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ.