ಫ್ಲೋ ಸೈಟೋಮೀಟರ್ ಇಲ್ಲದೆ ಹುಳು-ಮಲೇರಿಯಾ ಲೆಕ್ಕ ಹಿಡಿದದ್ದು: ನನ್ನ ಅನುಭವ

"ಪಿಬಿಎಂಸಿ ಬೇರ್ಪಡಿಸದೆ, ಫ್ಲೋ ಇಲ್ಲದೆ ಟಿ-ರೆಗ್ ಬಗ್ಗೆ ಮಾತಾಡ್ಬೇಡಿ" ಅಂತ ಹಿರಿಯರೊಬ್ಬರು ತುಂಬಿದ ಸಭೆಯಲ್ಲೇ ಅಂದಿದ್ದರು. ಪಿಬಿಎಂಸಿ ಅಂದರೆ ರಕ್ತದಿಂದ ಬೇರ್ಪಡಿಸಿದ ಬಿಳಿ ರಕ್ತಕಣಗಳ ಒಂದು ಗುಂಪು; ಫ್ಲೋ ಸೈಟೋಮೀಟರ್ ಅಂದರೆ ಕಣಗಳನ್ನು ಒಂದೊಂದಾಗಿ ಗುರುತಿಸಿ ಎಣಿಸುವ ಯಂತ್ರ; ಟಿ-ರೆಗ್ ಅಂದರೆ ರೋಗನಿರೋಧಕ ಶಕ್ತಿಗೆ ಕಡಿವಾಣ ಹಾಕುವ ಕಣ. ನನಗೆ ಟಿ-ರೆಗ್ ಎಣಿಸುವ ಹಟವೇ ಇರಲಿಲ್ಲ. ಹುಳು ಇರುವ ಮೈಯಲ್ಲಿ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಐಎಲ್-10 ಅನ್ನೋ ಪ್ರೋಟೀನ್ ಕೂತು, ಮಲೇರಿಯಾ ಮೇಲೆ ಏಳಬೇಕಾದ, ಆ ಶಕ್ತಿಯನ್ನು ಎಬ್ಬಿಸುವ ಗಾಮಾ ಇಂಟರ್‌ಫೆರಾನನ್ನು ಒತ್ತಿ ಹಿಡಿದಿದೆಯೇ? ನನ್ನ ಪ್ರಶ್ನೆ ಇಷ್ಟೇ. ಮಾಲಿ ದೇಶದಲ್ಲಿ ಫೈಲೇರಿಯಾ ಹುಳು ಇದ್ದವರ ರಕ್ತದಲ್ಲಿ ಹಾಗೇ ಕಂಡಿತ್ತು. ನಮ್ಮ ಮಂಗಳೂರಿನ ಕಟ್ಟಡ ಕೆಲಸದ ಸೈಟುಗಳಿಂದ ಬರುವ ವೈವಾಕ್ಸ್ (ಮಲೇರಿಯಾದ ಒಂದು ಬಗೆ) ರೋಗಿಗಳಲ್ಲಿ, ಕೊಕ್ಕೆಹುಳು ಜೊತೆಗಿದ್ದಾಗ ಏನಾಗುತ್ತೆ ಅನ್ನೋದು ನನ್ನ ತಲೆಬಿಸಿ.

ಹಾಗಾಗಿ ಹೆಪಾರಿನ್ ಹಾಕಿ ಹೆಪ್ಪುಗಟ್ಟದಂತೆ ಮಾಡಿದ ಇಡೀ ರಕ್ತವನ್ನೇ ಆರ್‌ಪಿಎಂಐ ಅನ್ನೋ ಕೋಶ ಬೆಳೆಸುವ ದ್ರವದಲ್ಲಿ ತೆಳು ಮಾಡಿ ಪ್ಲೇಟಿನ ಗುಳಿಗಳಿಗೆ (ವೆಲ್) ಹಾಕಿದೆ. ಒಬ್ಬರದೇ ರಕ್ತ, ಒಂದೇ ಆಂಟಿಜೆನ್ (ರೋಗನಿರೋಧಕ ಕಣಗಳನ್ನು ಕೆರಳಿಸುವ ಪರಾವಲಂಬಿಯ ಅಂಶ); ಒಂದು ವೆಲ್‌ಗೆ ಐಎಲ್-10 ತಡೆಯುವ ಆಂಟಿಬಾಡಿ, ಪಕ್ಕದ್ದಕ್ಕೆ ಬರೀ ಐಸೋಟೈಪ್, ಅಂದರೆ ಏನನ್ನೂ ತಡೆಯದ ಹೋಲಿಕೆಯ ಆಂಟಿಬಾಡಿ. ಮೊದಲ ಮಳೆಗಾಲ ಪೂರ್ತಿ ನೀರುಪಾಲು. ಕಲೆಕ್ಷನ್ ಹುಡುಗರು ಟ್ಯೂಬುಗಳನ್ನು ಐಸ್ ಬಾಕ್ಸಲ್ಲಿ ತರುತ್ತಿದ್ದರು. ಕೋಶಗಳನ್ನು ಕೆರಳಿಸುವ ಪಿಎಚ್‌ಎ ಹಾಕಿದರೂ ಜೀವಕೋಶಗಳು ಮಿಸುಕಾಡಲಿಲ್ಲ. ಕೋಣೆಯ ಬಿಸಿಯಲ್ಲೇ, ಮೂರು-ನಾಲ್ಕು ಗಂಟೆಯೊಳಗೆ ತರಿಸಿದ ಮೇಲೆ ದಾರಿಗೆ ಬಂತು.

ದುಂಡುಹುಳು ಅರೆದು ಮಾಡಿದ ಆಂಟಿಜೆನ್ ಇನ್ನೊಂದು ಗೋಳು. ಹುಳುವೇ ಇಲ್ಲದ ನಮ್ಮ ಲ್ಯಾಬ್‌ನವರ ರಕ್ತದಲ್ಲೂ ಐಎಲ್-10 ಜೋರಾಗಿ ಏರಿತು. ಬ್ಯಾಕ್ಟೀರಿಯಾದ ವಿಷವನ್ನು ಕಟ್ಟಿಹಾಕುವ ಪಾಲಿಮಿಕ್ಸಿನ್ ಬಿ ಹಾಕಿದ ಕೂಡಲೇ ಇಳಿಯಿತು: ಅರೆದದ್ದರಲ್ಲಿ ಆ ವಿಷ, ಎಂಡೋಟಾಕ್ಸಿನ್, ಸೇರಿತ್ತು! ಅಷ್ಟರಲ್ಲಿ ಐಎಲ್-10, ಗಾಮಾ ಅಳೆಯುವ ಎಲೈಸಾ ಕಿಟ್ಟುಗಳಿಗೆ ಒಂದೂವರೆ ಲಕ್ಷದ ಹತ್ತಿರ ಸುರಿದಾಗಿತ್ತು. ಆಮೇಲೆ ಕಿಟ್ ಬಿಟ್ಟು ಆಂಟಿಬಾಡಿ ಜೋಡಿ ಕೊಂಡು ಪ್ಲೇಟ್ ನಾವೇ ಕೋಟ್ ಮಾಡಿದೆವು, ಖರ್ಚು ಮೂರನೇ ಒಂದಕ್ಕೆ ಬಂತು. ವೈವಾಕ್ಸನ್ನು ಲ್ಯಾಬಲ್ಲಿ ವರ್ಷಗಟ್ಟಲೆ ಬೆಳೆಸೋಕಾಗಲ್ಲ ಅಂತ ನಿಮಗೆ ಗೊತ್ತು. ಮಲೇರಿಯಾ ಆಂಟಿಜೆನ್‌ಗೆ ಬೇಕಾದ ಸಾಕಷ್ಟು ಸ್ಕಿಝಾಂಟ್ (ಕೆಂಪು ರಕ್ತಕಣದೊಳಗೆ ಬಲಿತು ಒಡೆಯುವ ಹಂತದ ಪರಾವಲಂಬಿ) ಹೇಗೆ ಒಟ್ಟು ಮಾಡಿದೆ ಅನ್ನೋದನ್ನು ಸದ್ಯಕ್ಕೆ ಹೇಳಲ್ಲ.

ಹುಳು ಇದೆಯೇ ಅಂತ ನೋಡಲು ಮಲದ ಡಬ್ಬಿ ತರಿಸುವುದೂ ಸುಲಭವಲ್ಲ. ಮೊದಲು ತಂದವರಿಗೆ ವರದಿಯನ್ನು ಅವರ ಭಾಷೆಯಲ್ಲೇ ಓದಿ ಹೇಳಿ, ಆಲ್ಬೆಂಡಜೋಲ್ 400 ಎಂಜಿ ಕೊಡಿಸಿದ ಮೇಲೆ ಉಳಿದವರೂ ತಂದರು. ಮಲದಲ್ಲಿನ ಹುಳುಮೊಟ್ಟೆ ಎಣಿಸುವ ಕೇಟೋ-ಕಾಟ್ಜ್ ಸ್ಲೈಡನ್ನು ಊಟ ಮುಗಿಸಿ ನೋಡ್ತೀನಿ ಅಂದರೆ ಕೆಟ್ಟಿತು: ಗ್ಲಿಸರಿನ್‌ನಲ್ಲಿ ಕೊಕ್ಕೆಹುಳುವಿನ ಮೊಟ್ಟೆ ಅರ್ಧ-ಮುಕ್ಕಾಲು ಗಂಟೆಯಲ್ಲಿ ಕಣ್ಣಿಗೆ ಕಾಣದಂತೆ ಕರಗುತ್ತೆ, ದುಂಡುಹುಳುವಿನದು ಮಾತ್ರ ಉಳಿಯುತ್ತೆ.

ಬರೀ ಮಲೇರಿಯಾದವರಲ್ಲಿ ಐಎಲ್-10 ತಡೆದಾಗ ಗಾಮಾ ಸ್ವಲ್ಪ ಏರಿತು. ಕೊಕ್ಕೆಹುಳುವೂ ಇದ್ದವರಲ್ಲಿ ಎರಡು-ಎರಡೂವರೆ ಪಟ್ಟು, ಹತ್ತರಲ್ಲಿ ಏಳು ಮಂದಿಗಾದರೂ. ಆ ಹಿರಿಯರಿಗೆ ಗ್ರಾಫ್ ಕಳಿಸಿದ್ದೇನೆ. ಈಗ ಪ್ರೋಟೋಕಾಲ್ ಕೇಳ್ತಿದ್ದಾರೆ. ಹಾಗಂತ ಹುಳು ಮಲೇರಿಯಾವನ್ನು ಹೆಚ್ಚಿಸುತ್ತೆ ಅಂತ ಹೇಳಲಾರೆ. ಥಾಯ್ಲೆಂಡಿನಲ್ಲಿ ದುಂಡುಹುಳು ಇದ್ದವರಿಗೆ ಮಿದುಳಿನ ಮಲೇರಿಯಾ ಕಡಿಮೆ ಅಂತ ಬಂದ ವರದಿಯೂ ಇದೆಯಲ್ಲ.

ನಡುವೆ ಇಯೊಸಿನೊಫಿಲ್ (ಹುಳು ಇದ್ದಾಗ ಸಾಮಾನ್ಯವಾಗಿ ಏರುವ ಬಿಳಿ ರಕ್ತಕಣ) ಹಿಂದೆಯೂ ಹೋದೆ. ಹುಳು ತುಂಬಿದವನಿಗೂ ಜ್ವರದ ದಿನ ಅದು ಸೊನ್ನೆಗೆ ಹತ್ತಿರ. ಕ್ಲೋರೊಕ್ವಿನ್ ಮುಗಿದ ವಾರಕ್ಕೆ ಹಾರುತ್ತೆ. ಜ್ವರದ ದಿನದ ಕೌಂಟ್ ನೋಡಿ ಹುಳು ಇಲ್ಲ ಅನ್ನಬೇಡಿ. ಐಎಲ್-10 ಹಾಗೇ ರೋಗನಿರೋಧಕ ಶಕ್ತಿ ತಗ್ಗಿಸುವ ಇನ್ನೊಂದು ಪ್ರೋಟೀನ್ ಟಿಜಿಎಫ್-ಬೀಟಾ ಅಳೆಯೋಕೆ ಹೋದದ್ದು ಮಾತ್ರ ಪೂರಾ ದಂಡ, ಇಡೀ ರಕ್ತದಲ್ಲಿ ಪ್ಲೇಟ್ಲೆಟ್‌ಗಳೇ ಅದನ್ನು ಸುರಿಸಿಬಿಡುತ್ತವೆ. ಅದಕ್ಕೆ ಪಿಬಿಎಂಸಿಯೇ ಬೇಕು.